ಹಾಡಿನ ಹಕ್ಕು, ಹಾಡಿಸಿದವನ ಋಣ

ಮೊಹರಮ್ ಬಂತೆಂದರೆ ಕೌಜಲಗಿ, ಕುಲಗೋಡ, ಗೋಕಾಕದ ಸುತ್ತಲಿನ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ರಿವಾಯತ್ ಪದ ಹಾಡುವವರ ಜಾತಿಯನ್ನು ಯಾರೂ ಕೇಳುವುದಿಲ್ಲ. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವವರ ಪೈಕಿ ಮುಸ್ಲಿಮರಿಗಿಂತ ಉಳಿದವರೇ ಹೆಚ್ಚಾಗಿರುವ ಊರುಗಳೂ ಉಂಟು. ನಾವು ಚಿಕ್ಕವರಿದ್ದಾಗ ಅಂಥ ಒಬ್ಬ ಹಿರಿಯ ಹಾಡುಗಾರರಿದ್ದರು. ಅವರ ಹೆಸರು ಇಲ್ಲಿ ಬೇಡ, ನಾವೆಲ್ಲ ಕರೆಯುತ್ತಿದ್ದಂತೆ ಕಾಕಾ ಎಂದೇ ಕರೆಯೋಣ. ಕುರಿ ಕಾಯುವ ಮನೆತನದವರು. ಅಕ್ಷರದ ಗಂಧ ಇರಲಿಲ್ಲ. ಆದರೆ ಇಡೀ ರಾತ್ರಿ ಹಾಡಿದರೂ ಅವರ ಎದೆಯಲ್ಲಿದ್ದ ಪದ ಮುಗಿಯುತ್ತಿರಲಿಲ್ಲ. ಹಸನ್ ಹುಸೇನರ ಬಾಯಾರಿಕೆಯ ಪದ ಬಂದಾಗ ನಮ್ಮ ಅಮ್ಮೀಜಾನ್ ಒಂದು ಕಡೆ, ಪಕ್ಕದ ಮನೆಯ ನೀಲವ್ವ ಇನ್ನೊಂದು ಕಡೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

1999ರ ಸುಮಾರಿಗೆ ಒಂದು ಕ್ಯಾಸೆಟ್ ಕಂಪನಿಯವರು ಕಾಕಾನನ್ನು ಹುಡುಕಿಕೊಂಡು ಬಂದರು. ನಾವಾಗ ಡಿಗ್ರಿ ಓದುತ್ತಿದ್ದೆವು. ಮೊದಲು ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ ಕಲಿತು ಊರಿನಲ್ಲಿ 'ಶಾಣ್ಯಾ ಹುಡುಗ' ಅನ್ನಿಸಿಕೊಂಡಿದ್ದೆವು. ಬಂದವರು ಒಂದು ಬಾಂಡ್ ಪೇಪರ್ ಮುಂದಿಟ್ಟರು. ಅದು ಇಂಗ್ಲಿಷಿನಲ್ಲಿತ್ತು. ಕಾಕಾ ಅದನ್ನು ನಮ್ಮ ಕೈಗೆ ಕೊಟ್ಟು, "ಏನ ಬರದಾರ ನೋಡೋ ತಮ್ಮಾ" ಅಂದರು. ನಾವು ಓದಿದೆವು. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ತಿಳಿಯಲಿಲ್ಲ ಅನ್ನುವುದಕ್ಕೆ ನಾಚಿಕೆ. ನಾಲ್ಕು ಜನರ ಮುಂದೆ ಶಾಣ್ಯಾತನ ಹೋಗಬಾರದಲ್ಲ! "ಏನೂ ಇಲ್ಲ ಕಾಕಾ, ಹಾಡಾಕ ಒಪ್ಪೀನಿ ಅಂತ ಬರದಾರ. ಹೆಬ್ಬಟ್ಟ ಒತ್ರಿ" ಅಂದೆವು. ಅವರು ಒತ್ತಿದರು. ಹಿಮ್ಮೇಳದ ನಾಲ್ವರಿಗೂ ಅವರಿಗೂ ಸೇರಿ ಎರಡು ಸಾವಿರ ರೂಪಾಯಿ, ಬಸ್ ಚಾರ್ಜು, ಒಂದು ಹೊತ್ತಿನ ಊಟ. ಮುಂದೆ ಮೂರು ನಾಲ್ಕು ವರ್ಷ ಆ ಕ್ಯಾಸೆಟ್ಟು ಜಾತ್ರೆಯ ಅಂಗಡಿಗಳಲ್ಲಿ, ಚಹಾದಂಗಡಿಗಳಲ್ಲಿ, ಟ್ರ್ಯಾಕ್ಟರಿನ ಟೇಪುಗಳಲ್ಲಿ ಹಾಡುತ್ತಲೇ ಇತ್ತು. ಕಾಕಾನಿಗೆ ಮತ್ತೆ ಒಂದು ಪೈಸೆ ಬರಲಿಲ್ಲ. ಕೊಡಬೇಕಾದದ್ದೇನೂ ಇಲ್ಲವೆಂದು ಆ ಕಾಗದದಲ್ಲೇ ಬರೆದಿತ್ತು ಅನ್ನುವುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಈ ಹಳೆಯ ಮಾತು ಮತ್ತೆ ನೆನಪಾದದ್ದು ಒಬ್ಬ ತುರ್ಕಿ ಮನುಷ್ಯನ ಬದುಕಿನ ಬಗ್ಗೆ ಓದುತ್ತಿದ್ದಾಗ. ಅಹ್ಮತ್ ಎರ್ತೆಗುನ್ ಅಂತ ಅವರ ಹೆಸರು. 1923ರಲ್ಲಿ ಇಸ್ತಾಂಬುಲ್‌ನಲ್ಲಿ ಹುಟ್ಟಿದವರು. ತಂದೆ ಮುನೀರ್ ಎರ್ತೆಗುನ್ ಅಮೆರಿಕದಲ್ಲಿ ತುರ್ಕಿಯ ರಾಯಭಾರಿ. ಅಮೆರಿಕದಲ್ಲಿ ಕರಿಯರು ಬಿಳಿಯರ ಜೊತೆ ಒಂದು ಹೊಟೇಲಿನಲ್ಲಿ ಕುಳಿತು ಉಣ್ಣಲಾಗದ ಕಾಲವದು. ರಾಯಭಾರಿಯ ಮನೆಯಲ್ಲಿ ಮಾತ್ರ ಅಹ್ಮತ್ ಮತ್ತು ಅವರ ಅಣ್ಣ ನೆಸೂಹಿ ಕರಿಯ ಸಂಗೀತಗಾರರನ್ನು ಕರೆದು ಕೂರಿಸಿ ಹಾಡಿಸುತ್ತಿದ್ದರು, ಒಟ್ಟಿಗೆ ಉಣ್ಣುತ್ತಿದ್ದರು. ಕರಿಯರು ಮುಂಬಾಗಿಲಿನಿಂದ ಒಳಗೆ ಹೋಗುತ್ತಾರೆಂದು ಒಬ್ಬ ಸೆನೆಟರ್ ದೂರು ಬರೆದಾಗ, ನಮ್ಮಲ್ಲಿ ಸ್ನೇಹಿತರು ಬರುವುದು ಮುಂಬಾಗಿಲಿನಿಂದಲೇ, ತಾವು ಬರುವುದಾದರೆ ಹಿಂಬಾಗಿಲಿನ ವ್ಯವಸ್ಥೆ ಮಾಡಿಸುತ್ತೇವೆ ಎಂಬ ಅರ್ಥದ ಉತ್ತರ ತಂದೆಯಿಂದ ಹೋಯಿತಂತೆ. ಈ ಅಣ್ಣತಮ್ಮಂದಿರು ಹದಿನೈದು ಸಾವಿರಕ್ಕೂ ಹೆಚ್ಚು ಗ್ರಾಮಫೋನ್ ತಟ್ಟೆಗಳನ್ನು ಕೂಡಿಹಾಕಿದ್ದರು. ಅಹ್ಮತ್ ಕಾಲೇಜಿನಲ್ಲಿ ಓದುತ್ತಿದ್ದದ್ದು ತತ್ವಶಾಸ್ತ್ರ. 1944ರಲ್ಲಿ ತಂದೆ ತೀರಿಹೋದರು. ಓದು ಅರ್ಧಕ್ಕೆ ನಿಂತಿತು. 1947ರಲ್ಲಿ ಮನೆಯ ಹಲ್ಲಿನ ಡಾಕ್ಟರರಿಂದ ಹತ್ತು ಸಾವಿರ ಡಾಲರ್ ಸಾಲ ಪಡೆದು, ಹರ್ಬ್ ಅಬ್ರಮ್‌ಸನ್ ಎಂಬ ಗೆಳೆಯನ ಜೊತೆ ಅಟ್ಲಾಂಟಿಕ್ ಎಂಬ ರೆಕಾರ್ಡ್ ಕಂಪನಿ ಶುರು ಮಾಡಿದರು.

ಆ ಕಂಪನಿಯಿಂದ ಬಂದ ಹಾಡುಗಳೇ ಮುಂದೆ 'ಸೋಲ್' ಎಂಬ ಸಂಗೀತಕ್ಕೆ ದಾರಿ ಮಾಡಿದವು. ಕನ್ನಡದ ಕಿವಿಗೆ ಅದು 'ಸೋಲು' ಎಂದು ಕೇಳಿಸುತ್ತದೆ. ಅದರ ಅರ್ಥ ಆತ್ಮ, ನಮ್ಮ ಉರ್ದುವಿನ ರೂಹ್. ಚರ್ಚಿನಲ್ಲಿ ದೇವರನ್ನು ಕರೆಯುವ ದನಿಯನ್ನು ಹೊರಗಿನ ಬದುಕಿನ ಸುಖದುಃಖಕ್ಕೆ ತಂದು ಬೆರೆಸಿದವರು ರೇ ಚಾರ್ಲ್ಸ್ ಎಂಬ ಕುರುಡ ಗಾಯಕ. ಅಟ್ಲಾಂಟಿಕ್ 1952ರಲ್ಲಿ ಬೇರೊಂದು ಕಂಪನಿಯಿಂದ ಅವರ ಒಪ್ಪಂದವನ್ನು ಎರಡೂವರೆ ಸಾವಿರ ಡಾಲರಿಗೆ ಕೊಂಡಿತು. ಎರ್ತೆಗುನ್ ಬರೀ ಲೆಕ್ಕದ ಮನುಷ್ಯ ಅಲ್ಲ. ತಮ್ಮ ಹೆಸರನ್ನು ತಿರುವುಮುರುವು ಮಾಡಿ 'ನುಗೆತ್ರೆ' ಎಂಬ ಅಂಕಿತದಲ್ಲಿ ಹಾಡು ಬರೆದರು, ಹಾಡುವವರು ಕಡಿಮೆ ಬಿದ್ದಾಗ ತಾವೇ ಹಿಮ್ಮೇಳದಲ್ಲಿ ನಿಂತರು. ಅರೀಥಾ ಫ್ರಾಂಕ್ಲಿನ್ ಎಂಬ ಮಹಾ ಗಾಯಕಿ ಜಗತ್ತಿಗೆ ಗೊತ್ತಾದದ್ದು 1967ರಲ್ಲಿ ಅಟ್ಲಾಂಟಿಕ್ ಹೊರತಂದ ತಟ್ಟೆಗಳಿಂದ. ಅದೇ ವರ್ಷ ಕಂಪನಿಯನ್ನು ಒಂದೂಮುಕ್ಕಾಲು ಕೋಟಿ ಡಾಲರಿಗೆ ಮಾರಲಾಯಿತು. ಆಮೇಲೂ ಎರ್ತೆಗುನ್ ಅದರ ಯಜಮಾನರಾಗಿಯೇ ಉಳಿದರು.

ಇಷ್ಟೇ ಆಗಿದ್ದರೆ ಇದು ಒಬ್ಬ ರಸಿಕನ ಯಶಸ್ಸಿನ ಕಥೆ. ಆದರೆ ರುತ್ ಬ್ರೌನ್ ಅವರ ಕಥೆಯನ್ನೂ ಇದರ ಪಕ್ಕದಲ್ಲಿಟ್ಟು ಓದಬೇಕಾಗುತ್ತದೆ. 1949ರಿಂದ ಸುಮಾರು ಹತ್ತು ಹನ್ನೆರಡು ವರ್ಷ ಆಕೆಯ ಹಾಡುಗಳೇ ಅಟ್ಲಾಂಟಿಕ್ ಕಂಪನಿಯನ್ನು ಸಾಕಿದವು. ಅದನ್ನು ರುತ್ ಕಟ್ಟಿದ ಮನೆ ಅನ್ನುತ್ತಿದ್ದರು. ಕಾಲ ಬದಲಾಯಿತು. ಆಕೆ ಮಕ್ಕಳನ್ನು ಸಾಕಲು ಬೇರೆಯವರ ಮನೆಗೆಲಸ ಮಾಡಿದರು, ಶಾಲೆಯ ಬಸ್ಸು ಓಡಿಸಿದರು. ಹಾಡು ಮಾತ್ರ ಮಾರಾಟವಾಗುತ್ತಲೇ ಇತ್ತು. ತಮ್ಮ ಪಾಲು ಎಲ್ಲಿ ಎಂದು ಕೇಳಿದಾಗ ಬಂದ ಉತ್ತರ, ಲೆಕ್ಕದ ಪ್ರಕಾರ ನೀವೇ ಕಂಪನಿಗೆ ಬಾಕಿ ಇದ್ದೀರಿ ಅಂತ.

ಇದು ಹೇಗೆ ಸಾಧ್ಯ? ನಮ್ಮ ಭಾಗದ ಓದುಗರಿಗೆ ತಿಳಿಸುವುದು ಕಷ್ಟವಲ್ಲ. ಕಬ್ಬಿನ ಬಿಲ್ಲು ನೋಡಿದವರಿಗೆ ಗೊತ್ತು: ಕಟಾವಿನ ಖರ್ಚು, ಸಾಗಾಣಿಕೆ, ಹಿಂದಿನ ಸಾಲ, ಅದರ ಬಡ್ಡಿ ಎಲ್ಲ ಕಡಿತವಾಗಿ ಕೈಗೆ ಬರುವುದು ಎಷ್ಟೆಂದು. ರೆಕಾರ್ಡಿನ ಲೆಕ್ಕವೂ ಹಾಗೆಯೇ. ಸ್ಟುಡಿಯೊ ಬಾಡಿಗೆ, ವಾದ್ಯದವರ ಸಂಬಳ, ಮುಂಗಡ ಎಲ್ಲವೂ ಹಾಡುಗಾರರ ಹೆಸರಿನಲ್ಲಿ ಖರ್ಚು ಬೀಳುತ್ತವೆ. ಅವರ ಪಾಲಿಗೆ ಇಟ್ಟದ್ದು ಮಾರಾಟದ ನೂರರಲ್ಲಿ ಕೆಲವೇ ಭಾಗ. ಆ ಕೆಲವು ಭಾಗದಿಂದಲೇ ಪೂರ್ತಿ ಖರ್ಚು ತೀರಬೇಕು. ತಟ್ಟೆ ಮಾರಿ ಕಂಪನಿಗೆ ಲಾಭ ಬಂದಿದ್ದರೂ ಹಾಡುಗಾರರ ಖಾತೆಯಲ್ಲಿ ಸಾಲ ಉಳಿದೇ ಇರುತ್ತದೆ. ಕಳ್ಳ ಲೆಕ್ಕ ಬರೆಯುವ ಅಗತ್ಯವೇ ಇಲ್ಲ. ಲೆಕ್ಕ ಸರಿಯಾಗಿಯೇ ಇರುತ್ತದೆ, ಅನ್ಯಾಯ ಇರುವುದು ಒಪ್ಪಂದದಲ್ಲಿ.

ರುತ್ ಬ್ರೌನ್ ಬಿಡಲಿಲ್ಲ. ಒಬ್ಬ ವಕೀಲರ ನೆರವಿನಿಂದ ವರ್ಷಗಟ್ಟಲೆ ಹೋರಾಡಿದರು. 1988ರಲ್ಲಿ ಅಟ್ಲಾಂಟಿಕ್ ಆಕೆಯ ಮತ್ತು ಆಕೆಯಂಥ ಹಲವು ಹಳೆಯ ಗಾಯಕರ ಸಾಲದ ಲೆಕ್ಕ ಅಳಿಸಿ, ಹಿಂದಿನ ವರ್ಷಗಳ ಪಾಲು ಕೊಡಲು ಒಪ್ಪಿತು. ಕಷ್ಟದಲ್ಲಿರುವ ಗಾಯಕರಿಗೆಂದು ಒಂದು ಪ್ರತಿಷ್ಠಾನ ಸ್ಥಾಪಿಸಲು ಹದಿನೈದು ಲಕ್ಷ ಡಾಲರ್‌ನಷ್ಟು ಹಣವನ್ನೂ ಕೊಟ್ಟಿತು. ರುತ್ ಬ್ರೌನ್ ತೀರಿಕೊಂಡದ್ದು 2006ರ ನವೆಂಬರ್ 17ರಂದು. ಅದಕ್ಕೂ ಮೊದಲೇ, ಅಕ್ಟೋಬರ್ ಕೊನೆಯಲ್ಲಿ, ಒಂದು ಸಂಗೀತ ಕಚೇರಿಯ ರಂಗದ ಹಿಂದೆ ಜಾರಿಬಿದ್ದು ಪ್ರಜ್ಞೆ ತಪ್ಪಿದ್ದ ಎರ್ತೆಗುನ್ ಡಿಸೆಂಬರ್ 14ರಂದು ತೀರಿಕೊಂಡರು. ಇಸ್ತಾಂಬುಲ್‌ನ ಉಸ್ಕುದಾರ್‌ನಲ್ಲಿ ಉಜ್ಬೆಕ್ ಸೂಫಿಗಳ ಹಳೆಯ ಖಾನ್‌ಖಾಹಿನ ಅಂಗಳದಲ್ಲಿ, ತಂದೆ ಮತ್ತು ಅಣ್ಣನ ಗೋರಿಗಳ ಬಳಿ ಅವರ ದಫನ್ ಆಯಿತು.

ಎರ್ತೆಗುನ್ ಕೆಟ್ಟ ಮನುಷ್ಯ ಅಲ್ಲ. ನಮ್ಮ ತೊಡಕು ಇರುವುದೇ ಇಲ್ಲಿ. ಬಿಗ್ ಜೋ ಟರ್ನರ್ ಎಂಬ ಹಳೆಯ ಗಾಯಕ 1985ರಲ್ಲಿ ತೀರಿಕೊಂಡಾಗ ಶವಸಂಸ್ಕಾರದ ಖರ್ಚನ್ನು ತಾವೇ ಹೊತ್ತವರು ಇದೇ ಎರ್ತೆಗುನ್. ಕರಿಯರ ಹಾಡನ್ನು ಬಿಳಿಯರು ಕೇಳಲೂ ಹಿಂಜರಿಯುತ್ತಿದ್ದ ಕಾಲದಲ್ಲಿ ಅದಕ್ಕೆ ಸಾಲದ ಹಣ ಹಾಕಿದವರು. ಅವರಿಲ್ಲದಿದ್ದರೆ ಆ ಹಾಡುಗಳಲ್ಲಿ ಎಷ್ಟೋ ನಮ್ಮ ತನಕ ಬರುತ್ತಲೇ ಇರಲಿಲ್ಲ. ಹಾಡಿನ ಮೇಲೆ ಇಷ್ಟು ಪ್ರೀತಿ ಇದ್ದವರು ಹಾಡಿದವರ ಲೆಕ್ಕದಲ್ಲಿ ಹೀಗೇಕೆ ನಡೆದುಕೊಂಡರು? ಶವಸಂಸ್ಕಾರಕ್ಕೆ ಹಣ ಕೊಡುವ ಕೈ, ಬದುಕಿದ್ದಾಗ ಬರಬೇಕಾದ ಪಾಲನ್ನು ಯಾಕೆ ಹಿಡಿದುಕೊಂಡಿತು?

ನಮ್ಮ ಮನೆಮಾತಿನಲ್ಲಿ ಎರಡು ಶಬ್ದಗಳಿವೆ. ಒಂದು ಹಕ್, ಇನ್ನೊಂದು ಎಹಸಾನ್. ಹಕ್ ಅಂದರೆ ಕೊಡಲೇಬೇಕಾದದ್ದು. ಎಹಸಾನ್ ಅಂದರೆ ಕೊಟ್ಟವನ ದೊಡ್ಡತನ. ಹಕ್ ಕೊಟ್ಟವನಿಗೆ ಯಾರೂ ಕೈ ಮುಗಿಯಬೇಕಿಲ್ಲ. ಎಹಸಾನ್ ಪಡೆದವನು ಜೀವಮಾನವಿಡೀ ತಲೆ ತಗ್ಗಿಸಿರಬೇಕು. ದೊಡ್ಡವರಿಗೆ ಹಕ್ ಕೊಡುವುದಕ್ಕಿಂತ ಎಹಸಾನ್ ಮಾಡುವುದೇ ಹೆಚ್ಚು ಪ್ರಿಯವಾಗಿರುವುದು ಇದೇ ಕಾರಣಕ್ಕೆ. ಸಂಬಳ ಸರಿಯಾಗಿ ಕೊಡದ ಸಾಹುಕಾರ ಮಗಳ ಮದುವೆಗೆ ಸೀರೆ ಕೊಡಿಸುತ್ತಾನೆ, ಊರೆಲ್ಲ ಅವನನ್ನು ಹೊಗಳುತ್ತದೆ. ಅಕ್ಕಿಯ ತೂಕದಲ್ಲಿ ಕಡಿಮೆ ಕೊಟ್ಟು ಈದಿನ ದಿನ ಖೈರಾತ್ ಹಂಚುವವರನ್ನು ನಾವು ನೋಡಿಲ್ಲವೆ? ನಮ್ಮ ಹಿರಿಯರು ಹುಕೂಕುಲ್ ಇಬಾದ್ ಅನ್ನುತ್ತಿದ್ದರು, ಅಂದರೆ ಮನುಷ್ಯರಿಗೆ ಸಲ್ಲಬೇಕಾದ ಹಕ್ಕುಗಳು. ಅವನ್ನು ಕಸಿದವನಿಗೆ ಕಳೆದುಕೊಂಡವನೇ ಮಾಫಿ ಕೊಡಬೇಕು, ಎಷ್ಟು ನಮಾಜು ಮಾಡಿದರೂ ಆ ಬಾಕಿ ಬಾಕಿಯೇ ಅನ್ನುವುದು ಆ ಮಾತಿನ ತಿರುಳು. ದಾನದಿಂದ ಸಾಲ ತೀರದು. ಸಾಲ ತೀರಿಸಿದ ಮೇಲೆ ಕೊಟ್ಟರೆ ಮಾತ್ರ ಅದು ದಾನ.

ಅಮೆರಿಕದ ಮಾತು ನಮಗ್ಯಾಕೆ ಅನ್ನುವವರಿಗೆ ನಮ್ಮ ನೆಲದ ಮಾತನ್ನೂ ಹೇಳಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಮುಂದೆ ಹಾಡಿ, ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿದ ಗೌಹರ್ ಜಾನ್ ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲಿ, 1930ರ ಜನವರಿಯಲ್ಲಿ. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ನೂರಾರು ತಟ್ಟೆಗಳಿಗೆ ಹಾಡಿದ್ದ ಆಕೆಗೆ ಕೊನೆಗಾಲದಲ್ಲಿ ಆಸರೆ ಕೊಟ್ಟದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ, ಆ ತಟ್ಟೆಗಳಲ್ಲ. ಇನ್ನು ನಮ್ಮ ಧಾರವಾಡ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳ ಮೇಲೆ ಇದ್ದ ಹೆಸರು ಗಂಗೂಬಾಯಿ ಅಲ್ಲ, ಗಾಂಧಾರಿ. ಆಗ ಎಚ್.ಎಂ.ವಿ. ಕಂಪನಿಯಲ್ಲಿ ಜಿ.ಎನ್. ಜೋಶಿ ಎಂಬ ಅಧಿಕಾರಿ ಇದ್ದರು. ವಕೀಲಿ ಓದಿದವರು, ಸ್ವತಃ ಭಾವಗೀತೆ ಹಾಡುತ್ತಿದ್ದವರು, ಗಂಗೂಬಾಯಿಯವರ ಜೊತೆ ಮರಾಠಿಯಲ್ಲಿ ಯುಗಳ ಗೀತೆಯನ್ನೂ ಹಾಡಿದವರು. 1938ರಲ್ಲಿ ಕಂಪನಿ ಸೇರಿ ಮೂರು ದಶಕಗಳ ಕಾಲ ಹಿಂದೂಸ್ತಾನಿ ಸಂಗೀತದ ಘಟಾನುಘಟಿಗಳನ್ನು ಕಾಡಿ ಬೇಡಿ ಹಾಡಿಸಿದರು. ಅಂಥ ರಸಿಕ ಅಧಿಕಾರಿಗಳು ಇಲ್ಲದಿದ್ದರೆ ಇಂದು ನಮಗೆ ಆ ದನಿಗಳ ನೆರಳೂ ಸಿಗುತ್ತಿರಲಿಲ್ಲ. ಈ ಉಪಕಾರವನ್ನು ಮರೆಯುವಂತಿಲ್ಲ.

ಕ್ಯಾಸೆಟ್ ಬಂದ ಮೇಲೆ ಕನ್ನಡಕ್ಕೆ ಮತ್ತೊಂದು ಉಪಕಾರವಾಯಿತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯಾಗಿ ಬಂದು ಮನೆಮನೆ ಸೇರಿತು. ಪುಸ್ತಕದ ಅಂಗಡಿಗೆ ಕಾಲಿಡದವರೂ ಕವಿಯ ಹೆಸರು ಹೇಳುವಂತಾಯಿತು. ಶಿಶುನಾಳದ ಶರೀಫ ಸಾಹೇಬರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳನ್ನು ಭಜನೆಯ ಮೇಳದವರು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದರು. ಸಿ. ಅಶ್ವತ್ಥ್ ಅವರ ದನಿಯಲ್ಲಿ ಕ್ಯಾಸೆಟ್ಟಿಗೆ ಬಂದ ಮೇಲೆ ಅವು ಬೆಂಗಳೂರಿನ ಮನೆಗಳನ್ನೂ ಮುಟ್ಟಿದವು. ರೂಹಿನ ಸಂಗೀತ ಎಂದು ನಾವು ಯಾವುದನ್ನಾದರೂ ಕರೆಯುವುದಾದರೆ ಅದು ಶರೀಫರ ತತ್ವಪದಗಳನ್ನೇ. ಆದರೆ ನೂರು ವರ್ಷ ಆ ಪದಗಳನ್ನು ಉಳಿಸಿಕೊಂಡು ಬಂದ ಹೆಸರಿಲ್ಲದ ಭಜನೆಯವರಿಗೆ ಸಂದದ್ದೇನು? ಇದಕ್ಕೆ ಯಾವ ಒಬ್ಬ ಗಾಯಕರನ್ನೂ, ಯಾವ ಒಂದು ಕಂಪನಿಯನ್ನೂ ದೂರುವಂತಿಲ್ಲ. ಅವರ ಲೆಕ್ಕ ಬರೆಯಲು ಒಂದು ಖಾತೆಯೇ ಇರಲಿಲ್ಲ ಅನ್ನುವುದು ನಿಜವಾದ ದುಃಖ.

ಕಾನೂನು ಏನು ಹೇಳುತ್ತದೆ? ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಕರ್ತೃ ಅಂದರೆ ಅದನ್ನು ತಯಾರಿಸಿದವನು, ಹಾಡಿದವನಲ್ಲ. ಹಾಡುವವರಿಗೂ ಒಂದಿಷ್ಟು ಹಕ್ಕು ಎಂದು ಕಾಯ್ದೆ ಒಪ್ಪಿದ್ದು 1994ರ ತಿದ್ದುಪಡಿಯಲ್ಲಿ. 2012ರ ತಿದ್ದುಪಡಿ ಕವಿ, ಸಂಗೀತಗಾರ, ಹಾಡುಗಾರರ ಪಾಲನ್ನು ಇನ್ನಷ್ಟು ಗಟ್ಟಿ ಮಾಡಿತು. ಒಳ್ಳೆಯದೇ. ಆದರೆ ರಿವಾಯತ್ ಪದಕ್ಕೆ ಕವಿ ಯಾರು? ಪಾರಿಜಾತದ ಆಟಕ್ಕೆ ಕುಲಗೋಡ ತಮ್ಮಣ್ಣನ ಹೆಸರು ಉಂಟು, ಅದನ್ನು ಊರೂರಿಗೆ ಒಯ್ದು ಹಾಡಿ ಕುಣಿದ ಕೌಜಲಗಿ ನಿಂಗಮ್ಮನ ಹೆಸರೂ ಉಳಿದಿದೆ. ಅವರ ಹಿಂದೆ ನಿಂತು ದನಿ ಕೂಡಿಸಿದವರ ಹೆಸರು? ಯಾರದೂ ಅಲ್ಲದ ಹಾಡನ್ನು ಯಾರು ಬೇಕಾದರೂ ಹಾಡಬಹುದು, ಅದೇ ಅದರ ಚೆಲುವು. ಆದರೆ ಅದನ್ನು ಯಂತ್ರಕ್ಕೆ ತುಂಬಿಸಿದ ಕೂಡಲೇ ಆ ತುಂಬಿಸಿದ್ದಕ್ಕೆ ಒಬ್ಬ ಒಡೆಯ ಹುಟ್ಟಿಕೊಳ್ಳುತ್ತಾನೆ. ಕೆರೆ ಊರಿನದು, ಕೊಡ ಮಾತ್ರ ಅವನದು. ಕೊಡದ ಬೆಲೆಗೆ ಅವನು ನೀರಿನ ಬೆಲೆಯನ್ನೂ ಸೇರಿಸಿ ತೆಗೆದುಕೊಳ್ಳುತ್ತಾನೆ.

ಕಂಪನಿಯವರ ಮಾತನ್ನೂ ಕೇಳಬೇಕು. ಹತ್ತು ಕ್ಯಾಸೆಟ್ ಮಾಡಿದರೆ ಒಂಬತ್ತು ಮುಳುಗುತ್ತವೆ, ಹತ್ತನೆಯದರಿಂದ ಆ ಒಂಬತ್ತರ ನಷ್ಟ ತುಂಬಬೇಕು, ಹಾಡುಗಾರ ಕಳೆದುಕೊಳ್ಳುವುದೇನಿದೆ ಅನ್ನುತ್ತಾರೆ. ಇದರಲ್ಲಿ ಸುಳ್ಳಿಲ್ಲ. ಹಣ ಹಾಕಿದವನಿಗೆ ಲಾಭ ಸಲ್ಲಬೇಕು, ವ್ಯಾಪಾರ ಹಲಾಲ್ ಆದದ್ದೇ. ಆದರೆ ಹಾಡುಗಾರನೂ ಬಂಡವಾಳ ಹಾಕಿದ್ದಾನೆ ಅನ್ನುವುದನ್ನು ಈ ಲೆಕ್ಕ ಮರೆಯುತ್ತದೆ. ನಲವತ್ತು ವರ್ಷ ಚಳಿಯಲ್ಲಿ ಕುಳಿತು ಕಲಿತ ಪದ, ಒಡೆದುಹೋಗುವ ತನಕ ದುಡಿಸಿದ ಗಂಟಲು ಬಂಡವಾಳವಲ್ಲವೆ? ಕಂಪನಿಯ ಹಣ ಮುಳುಗಿದರೆ ಮತ್ತೆ ಸಾಲ ಸಿಕ್ಕೀತು. ಗಂಟಲು ಹೋದರೆ ಯಾವ ಬ್ಯಾಂಕು ಕೊಡುತ್ತದೆ?

ಓದದೆ ಸಹಿ ಮಾಡಿದ್ದು ಅವರದೇ ತಪ್ಪು ಅನ್ನುವವರೂ ಇದ್ದಾರೆ. ಓದುಬಲ್ಲವರೂ ಓದಲಿಲ್ಲ ಅನ್ನುವುದನ್ನು ಅವರು ತಿಳಿಯಬೇಕು. ಮೆಂಫಿಸ್ ಊರಿನ ಸ್ಟಾಕ್ಸ್ ಎಂಬ ಸಣ್ಣ ಸೋಲ್ ಕಂಪನಿ ಅಟ್ಲಾಂಟಿಕ್ ಜೊತೆ ಮೊದಲು ಬರೀ ಮಾತಿನ ಮೇಲೆ ವ್ಯವಹಾರ ಮಾಡುತ್ತಿತ್ತು. 1965ರಲ್ಲಿ ಕಾಗದವಾಯಿತು. ಅದರ ಯಜಮಾನ ಜಿಮ್ ಸ್ಟುವರ್ಟ್ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದವರು, ಆದರೂ ನಂಬಿಕೆಯಿಂದ ಸಹಿ ಹಾಕಿದರು. ಅಟ್ಲಾಂಟಿಕ್ ಮಾರಾಟವಾದ ಮೇಲೆ, 1968ರಲ್ಲಿ, ತಾವು ಅಷ್ಟು ವರ್ಷ ಮಾಡಿ ಅವರ ಮೂಲಕ ಹಂಚಿದ್ದ ಹಾಡುಗಳ ಮೂಲಪ್ರತಿಗಳೆಲ್ಲ ಆ ಕಾಗದದ ಪ್ರಕಾರ ಅಟ್ಲಾಂಟಿಕ್‌ನವು ಎಂದು ಗೊತ್ತಾಯಿತು. ಕಂಪನಿಯ ಯಜಮಾನನೇ ಹೀಗೆ ಮೋಸ ಹೋದರೆ ಹೆಬ್ಬಟ್ಟಿನವರ ಪಾಡೇನು? ಎಲ್ಲರೂ ಹೀಗೆಯೇ ಸೋಲಲಿಲ್ಲ. ಕುರುಡ ರೇ ಚಾರ್ಲ್ಸ್ 1959ರಲ್ಲಿ ಅಟ್ಲಾಂಟಿಕ್ ಬಿಟ್ಟು ಬೇರೆ ಕಂಪನಿ ಸೇರುವಾಗ, ತಮ್ಮ ಹಾಡುಗಳ ಮೂಲಪ್ರತಿಯ ಒಡೆತನ ತಮಗೇ ಬರಬೇಕೆಂದು ಕರಾರು ಮಾಡಿಸಿಕೊಂಡರು. ಕಣ್ಣಿಲ್ಲದವರಿಗೆ ಕಂಡದ್ದು ಕಣ್ಣಿದ್ದ ನಮಗೆ ಕಾಣಲಿಲ್ಲ.

ಹೌದು, ನಮಗೆ. ಇಲ್ಲಿಯ ತನಕ ಕಂಪನಿಯವರನ್ನು ಕುರಿತು ಬರೆದದ್ದಾಯಿತು, ಈಗ ನಮ್ಮ ಲೆಕ್ಕ. ಆ ಬಾಂಡ್ ಪೇಪರಿನ ವಿಷಯ ತಿಳಿದ ಮೇಲೆ ಒಮ್ಮೆ ಕಾಕಾನ ಮನೆಗೆ ಹೋಗಿ, "ನಿಮಗ ಮೋಸ ಆತು ಕಾಕಾ, ನಾನ ತಪ್ಪ ಓದಿ ಹೇಳಿದ್ನಿ" ಅಂದೆವು. ಅವರಿಗಾಗಲೇ ವಯಸ್ಸಾಗಿತ್ತು, ದನಿ ಹೋಗಿತ್ತು. ನಕ್ಕರು. "ಪದಾ ನಂದೇನ ಅಲ್ಲೋ ತಮ್ಮಾ. ಹಿರ್ಯಾರ ಕೊಟ್ಟದ್ದು, ಹುಸೇನಸಾಹೇಬರದು. ನಂದ ಅಲ್ಲದ್ದಕ್ಕ ನಾ ಯಾಕ ರೊಕ್ಕಾ ಕೇಳಲಿ?" ಅಂದರು. ಆ ಮಾತು ಕೇಳಿ ನಮ್ಮ ಎದೆ ಹಗುರಾಯಿತು. ಹಗುರಾದದ್ದೇ ತಪ್ಪು ಅನ್ನುವುದು ಈಗ ತಿಳಿಯುತ್ತಿದೆ. ನನ್ನದಲ್ಲ ಅನ್ನುವುದು ಕಾಕಾನ ದೊಡ್ಡತನ. ಅವರು ನನ್ನದಲ್ಲ ಅಂದ ಮಾತ್ರಕ್ಕೆ ಅದು ಕಂಪನಿಯದಾಗುವುದಿಲ್ಲ, ನಮ್ಮದೂ ಆಗುವುದಿಲ್ಲ. ಫಕೀರನ ವೈರಾಗ್ಯ ಸಾಹುಕಾರನ ಹಕ್ಕುಪತ್ರವಲ್ಲ. ಕಾಕಾ ಅದನ್ನು ಅಮಾನತ್ ಎಂದು ಇಟ್ಟುಕೊಂಡಿದ್ದರು. ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು, ಕಾಯಬೇಕು, ಕೇಳಿದಾಗ ಕೊಡಬೇಕು. ಅದನ್ನು ಮಾರಿದವನು ಅಮಾನತಿನಲ್ಲಿ ಖಿಯಾನತ್ ಮಾಡಿದಂತೆ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕಾಕಾ ತೀರಿಕೊಂಡ ಮೇಲೆ ನಾವು ಅವರ ಮೇಲೆ ಒಂದು ಕಥೆ ಬರೆದೆವು. ಅವರ ನಡೆ, ಅವರ ನುಡಿ, ಅವರ ಹೆಂಡತಿ ಸತ್ತ ರಾತ್ರಿಯೂ ಅಲಾಯಿಗೆ ಬಂದು ಹಾಡಿದ ಪ್ರಸಂಗ ಎಲ್ಲ ಅದರಲ್ಲಿ ಬಂತು. ಓದುಗರು ಮೆಚ್ಚಿದರು, ಸಂಭಾವನೆ ಬಂತು, ಒಂದು ಬಹುಮಾನವೂ ಬಂತು. ಸಭೆಯಲ್ಲಿ ಶಾಲು ಹೊದಿಸಿಕೊಂಡು ಕುಳಿತಾಗ ಕ್ಯಾಸೆಟ್ ಕಂಪನಿಯ ನೆನಪು ನಮಗೆ ಬರಲಿಲ್ಲ. ಎರ್ತೆಗುನ್ ಬಗ್ಗೆ ಓದುತ್ತಿದ್ದಾಗ ಬಂತು. ಅವರೂ ಹಾಡನ್ನು ಪ್ರೀತಿಸಿದರು, ನಾವೂ ಕಾಕಾನನ್ನು ಪ್ರೀತಿಸಿದೆವು. ಪ್ರೀತಿ ಇದೆಯಲ್ಲ, ಲೆಕ್ಕ ಯಾಕೆ ಎಂದು ಮನಸ್ಸು ಸುಲಭವಾಗಿ ಸಮಾಧಾನ ಹೇಳಿಕೊಂಡುಬಿಡುತ್ತದೆ. ದ್ವೇಷಿಸುವವನು ಕಸಿದರೆ ಕಸಿದದ್ದು ಕಾಣುತ್ತದೆ. ಪ್ರೀತಿಸುವವನು ಕಸಿದರೆ ಕಸಿದವನಿಗೂ ಕಾಣುವುದಿಲ್ಲ.

ಕಳೆದ ಮೊಹರಮ್ಮಿಗೆ ಊರಿಗೆ ಹೋದಾಗ ಆ ಬಹುಮಾನದ ಅರ್ಧ ಹಣವನ್ನು ಲಕೋಟೆಯಲ್ಲಿಟ್ಟು ಕಾಕಾನ ಮಗನ ಮನೆಗೆ ಒಯ್ದೆವು. ಅವರು ಲಕೋಟೆ ಮುಟ್ಟಲಿಲ್ಲ. "ಇದ ಏನಕ್ಕರಿ ಸರ? ನಾವೇನ ಕೇಳಿಲ್ಲಲ್ಲಾ" ಅಂದರು. ಆ ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು. ನಾವು ಎಹಸಾನ್ ಮಾಡಲು ಬಂದಿದ್ದೇವೆಂದು ಅವರಿಗೆ ಅನ್ನಿಸಿರಬೇಕು. ಕುಳಿತು ಎಲ್ಲ ಹೇಳಿದೆವು. ಕಥೆ, ಸಂಭಾವನೆ, ಬಹುಮಾನ, ಬಾಂಡ್ ಪೇಪರ್, ಹೆಬ್ಬಟ್ಟು. "ಇದು ಕೊಡುಗೆ ಅಲ್ಲ, ಬಾಕಿ. ತಡವಾಗಿ ತಂದೀವಿ" ಅಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮಗಳನ್ನು ಕರೆದು ಹಣ ಎಣಿಸಲು ಹೇಳಿದರು. ಆ ಹುಡುಗಿ ಒಂಬತ್ತನೆಯತ್ತೆ ಓದುತ್ತಾಳೆ. ನಮ್ಮ ಮುಂದೆಯೇ ಎಣಿಸಿ, ನೋಟ್‌ಬುಕ್ಕಿನ ಹಾಳೆ ಹರಿದು ಇಷ್ಟು ಮುಟ್ಟಿತು ಎಂದು ಬರೆದು, ಕೆಳಗೆ ಸಹಿ ಮಾಡಿ ನಮ್ಮ ಕೈಗಿತ್ತಳು. ಎಣಿಸಿ ತೆಗೆದುಕೊಂಡದ್ದು ನಮಗೆ ಸಮಾಧಾನ ತಂದಿತು. ಎಹಸಾನಿನ ಹಣವನ್ನು ಯಾರೂ ಕೊಟ್ಟವರ ಮುಂದೆ ಎಣಿಸುವುದಿಲ್ಲ.

ಬಾಕಿ ತೀರಿತೆಂದು ನಾವು ಹೇಳುವಂತಿಲ್ಲ, ಅದನ್ನು ಹೇಳಬೇಕಾದ ಕಾಕಾ ಈಗ ಇಲ್ಲ. ಈಗ ಕ್ಯಾಸೆಟ್ಟೂ ಇಲ್ಲ, ಕೈಯೊಳಗಿನ ಮೊಬೈಲಿನಲ್ಲೇ ಹಾಡು. ಅಲಾಯಿ ಕುಣಿಯ ಸುತ್ತ ಹತ್ತಾರು ಹುಡುಗರು ಮೊಬೈಲು ಎತ್ತಿ ಹಿಡಿದು ಹಾಡುವವರನ್ನು ಚಿತ್ರಿಸಿಕೊಳ್ಳುತ್ತಾರೆ, ಎಲ್ಲೆಲ್ಲಿಗೋ ಕಳಿಸುತ್ತಾರೆ. ಯಾರ ಪದ, ಯಾರ ದನಿ, ಯಾವ ಊರು ಅನ್ನುವುದು ಅದರಲ್ಲಿ ಇರುವುದಿಲ್ಲ. ಹಣದ ಮಾತು ಮುಂದೆ ಬರಲಿ, ಮೊದಲು ಹಾಡಿದವರ ಹೆಸರನ್ನಾದರೂ ಕೇಳಿ ಬರೆಯೋಣ. ಅವರ ಒಪ್ಪಿಗೆಯನ್ನು ಕೇಳೋಣ. ಯಾರಾದರೂ ಕಾಗದ ತಂದು ಮುಂದಿಟ್ಟರೆ, ಓದು ಬಲ್ಲವರು ತಿಳಿದಷ್ಟನ್ನು ಮಾತ್ರ ತಿಳಿದಿದೆ ಎಂದು ಹೇಳೋಣ. ತಿಳಿಯದ್ದನ್ನು ತಿಳಿಯಲಿಲ್ಲ ಅನ್ನುವುದಕ್ಕೆ ನಮಗೆ ಆ ದಿನ ನಾಚಿಕೆಯಾಗಿತ್ತು. ಅಂದಿನ ಆ ನಾಚಿಕೆಯನ್ನು ನೆನೆದೇ ಈಗ ನಾಚಿಕೆಯಾಗುತ್ತದೆ.